ಕೇರಂ ಬೋರ್ಡಿನ ಮೇಲೆ ಉಪ್ಪು

ವಿಶಾಲಾಕ್ಷಿ ಟೀಚರನ್ನು ಯಾರಾದರೂ "ಇದು ಯಾಕೆ ಹೀಗೆ?" ಎಂದು ಕೇಳಿದರೆ ಮುಗಿಯಿತು. ಒಲೆಯ ಮೇಲಿನ ಸಾರು ಉಕ್ಕಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಬಾರಾನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ರಸಾಯನಶಾಸ್ತ್ರ ಕಲಿಸಿದವರು. ಧಾರವಾಡದಿಂದ ಮದುವೆಯಾಗಿ ಬಂದಾಗ ಒಂದಕ್ಷರ ಬಂಗಾಳಿ ಬರುತ್ತಿರಲಿಲ್ಲ. "ನನಗ ಬಂಗಾಳಿ ಕಲಿಸಿದಾಕಿ ಎಂಟನೇತ್ತಾ ಹುಡುಗಿ, ಆಕಿಗೆ ಆಮ್ಲ ಕ್ಷಾರ ಕಲಿಸಿದಾಕಿ ನಾನು. ಲೆಕ್ಕ ಬರಾಬರಿ" ಎಂದು ಊರಿಗೆ ಹೋದಾಗ ಹೇಳಿ ನಗಿಸುತ್ತಿದ್ದರು. ಹುಡುಗಿಯರಿಗೆ ಅವರು ವಿಶಾಲಾದಿ, ಅಂದರೆ ವಿಶಾಲಕ್ಕ.

ಅವರ ಪಾಠಗಳಲ್ಲಿ ಹೆಸರಾದದ್ದು ಒಂಬತ್ತನೇ ತರಗತಿಯ ಉಪ್ಪಿನ ಪಾಠ. ಆ ದಿನ ಟೀಚರು ರಿಕ್ಷಾದಲ್ಲಿ ಕೇರಂ ಬೋರ್ಡು ಹೇರಿಕೊಂಡು ಬರುತ್ತಿದ್ದರು. ಕರಿ ಕಾಯಿ, ಬಿಳಿ ಕಾಯಿಗಳನ್ನು ಒಂದರ ಪಕ್ಕ ಒಂದು, ಆರಾರರಂತೆ ಮೂರು ಸಾಲು ಜೋಡಿಸುತ್ತಿದ್ದರು. ಬಿಳಿಯದು ಸೋಡಿಯಂ, ಕರಿಯದು ಕ್ಲೋರಿನ್. ಕರಿ ಕಾಯಿಯಲ್ಲಿ ಒಂದು ಎಂದೋ ಕಳೆದುಹೋಗಿತ್ತು. ಅದರ ಜಾಗಕ್ಕೆ ಗಂಡ ಶಂಕರಲಿಂಗರ ರೈಲ್ವೆ ಕೋಟಿನ ಕರಿ ಗುಂಡಿ, ನಾಲ್ಕು ತೂತಿನದು. ಹುಡುಗಿಯರು ಮೊದಲು ಆ ಗುಂಡಿಗೆ ನಗುತ್ತಿದ್ದರು, ಆಮೇಲೆ ಪಾಠ ಕೇಳುತ್ತಿದ್ದರು.

ಶಂಕರಲಿಂಗರು ಸಿಯಾಲ್ದಾದ ಸಿಗ್ನಲ್ ವಿಭಾಗದಲ್ಲಿ ಇದ್ದವರು, ಮಾತು ಕಡಿಮೆ. ಅವರ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಂದು ಕೋಣೆ ಖಾಲಿ ಬಿತ್ತು. ೨೦೦೪ರ ಜೂನಿನಲ್ಲಿ ಪರಿಚಯದವರ ಮೂಲಕ ಆ ಕೋಣೆಗೆ ಬಂದವಳು ಸಿಂಧೂರ. ಬೆಂಗಳೂರಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ. ಸೆಕ್ಟರ್ ಫೈವ್‌ನಲ್ಲಿ ಶಾಲೆಗಳಿಗೆ ಕಂಪ್ಯೂಟರಿನಲ್ಲಿ ನೋಡುವ ಪಾಠಗಳ ಸಿ.ಡಿ. ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ಓದಿದ್ದು ಇಂಗ್ಲಿಷ್ ಸಾಹಿತ್ಯ.

ಬಂದ ಎರಡನೇ ತಿಂಗಳಲ್ಲೇ ಅವಳಿಗೆ ಕಾಮಾಲೆ ಹಿಡಿಯಿತು. ವಿಶಾಲಾಕ್ಷಿ ಒಂಬತ್ತು ದಿನ ಶಾಲೆಗೆ ರಜೆ ಹಾಕಿ ಗಂಜಿ ಕುಡಿಸಿದರು, ತಲೆ ಬಾಚಿದರು. ಬೆಂಗಳೂರಿಂದ ಅವಳ ತಾಯಿ ಫೋನಿನಲ್ಲಿ ಅತ್ತರೆ, "ನಿಮ್ಮ ಮಗಳು ನನ್ನ ಮನ್ಯಾಗದಾಳ್ರೀ, ಚಿಂತಿ ಮಾಡಬ್ಯಾಡ್ರಿ" ಎಂದರು. ಎದ್ದು ಓಡಾಡುವಂತಾದ ಮೇಲೆ ಸಿಂಧೂರ ಈ ಮನೆಯವಳೇ ಆದಳು. ರೊಟ್ಟಿ ತಟ್ಟಲು ಕಲಿತಳು, ದಕ್ಷಿಣೇಶ್ವರದ ನದಿ ಘಾಟಿಗೆ ಟೀಚರ ಜೊತೆ ದೋಣಿಯಲ್ಲಿ ಹೋಗಿಬಂದಳು.

ಆ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಅವಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಮುಖ ಬಾಡಿತ್ತು.

"ಆಂಟಿ, ಆಫೀಸಲ್ಲಿ ನನಗೆ ಕೆಮಿಸ್ಟ್ರಿ ಪಾಠ ಬರೆಯೋಕೆ ಕೊಟ್ಟುಬಿಟ್ಟಿದ್ದಾರೆ. ಅಯಾನಿಕ ಬಂಧ ಅಂತೆ. ಸೋಡಿಯಂ ಎಲೆಕ್ಟ್ರಾನ್ ಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ ಅಂತ ಬರೆದಿದೆ. ಯಾಕೆ ಕೊಡುತ್ತೆ? ಅದೇ ಅರ್ಥ ಆಗ್ತಿಲ್ಲ."

ವಿಶಾಲಾಕ್ಷಿಯ ಕಣ್ಣು ಅರಳಿತು. ಕೈಯಲ್ಲಿದ್ದ ಹುಣಸೆಹಣ್ಣನ್ನು ಅಲ್ಲೇ ಬಿಟ್ಟು ಕೂತರು.

"ಯಾರೂ ಸುಮ್ಮನ ಕೊಡೂದಿಲ್ಲವಾ. ಸೋಡಿಯಮ್ಮಿನ ಹೊರಗಿನ ಸುತ್ತಿನ್ಯಾಗ ಒಂದ ಎಲೆಕ್ಟ್ರಾನು. ಕ್ಲೋರಿನ್ನಿಗೆ ಏಳು, ಎಂಟಕ್ಕ ಒಂದು ಕಡಿಮಿ. ಆ ಒಂದು ಇತ್ತಾಗಿಂದ ಅತ್ತಾಗ ಹೋತಂದ್ರ ಇದು ಪ್ಲಸ್ ಆತು, ಅದು ಮೈನಸ್ ಆತು. ಇವಕ್ಕ ಅಯಾನು ಅಂತಾರ. ಕಿತ್ಕೊಳ್ಳಾಕ ಶಕ್ತಿ ಖರ್ಚು ಆಗ್ತೈತಿ, ಖರೆ. ಆದ್ರ ಪ್ಲಸ್ಸು ಮೈನಸ್ಸು ಸಾಲಾಗಿ ಕೂತು ಹರಳು ಆಗೂಮುಂದ ಅದಕ್ಕಿಂತ ಎಷ್ಟೋ ಹೆಚ್ಚಿಗಿ ಶಕ್ತಿ ಹೊರಗ ಬರ್ತೈತಿ. ಅದಕ್ಕ ಉಪ್ಪು ಹುಟ್ತೈತಿ."

"ಅಂದ್ರೆ ಒಂದು ಸೋಡಿಯಂಗೆ ಒಂದು ಕ್ಲೋರಿನ್, ಜೋಡಿ?"

"ಅಲ್ಲೇ ಎಲ್ಲಾರೂ ಜಾರಿ ಬೀಳೂದು! ಮುಂದಿನ ಭಾನುವಾರ ತೋರಸ್ತೀನಿ ತಡಿ."

ಮುಂದಿನ ಭಾನುವಾರ ಕೇರಂ ಬೋರ್ಡು ಮೇಜಿಗೆ ಬಂತು. ಒಂದು ಬಿಳಿ ಕಾಯಿಯ ಸುತ್ತ ನಾಲ್ಕು ಕರಿ ಕಾಯಿ. ಮೇಲೊಂದು, ಕೆಳಗೊಂದು ಇದೆಯೆಂದು ಭಾವಿಸಿದರೆ ಆರು. ಒಂದಕ್ಕೆ ಒಂದೇ ಎಂಬ ಜೋಡಿ ಎಲ್ಲಿಯೂ ಇಲ್ಲ, ಎಲ್ಲವನ್ನೂ ಎಲ್ಲವೂ ಹಿಡಿದಿವೆ. ಅದಕ್ಕೇ ಉಪ್ಪು ಕರಗಿ ದ್ರವವಾಗಬೇಕಾದರೆ ಎಂಟುನೂರು ಡಿಗ್ರಿ ಕಾಸಬೇಕು. ವಿಶಾಲಾಕ್ಷಿ ಸ್ಕೇಲಿನಿಂದ ನಡುವಿನ ಸಾಲನ್ನು ಒಂದು ಮನೆ ಸರಿಸಿದರು. ಈಗ ಕರಿಯ ಎದುರು ಕರಿ, ಬಿಳಿಯ ಎದುರು ಬಿಳಿ ಬಂತು.

"ಈಗೇನಾಗ್ತೈತಿ ಹೇಳು?"

"ಒಂದನ್ನೊಂದು ತಳ್ತವೆ."

"ಹಾಂ! ಅದಕ್ಕ ಸುತ್ತಿಗಿಲೆ ಹೊಡದ್ರ ಕಬ್ಬಿಣ ತಗ್ಗು ಬೀಳ್ತೈತಿ, ಉಪ್ಪಿನ ಹರಳು ಫಳ್ ಅಂತ ಒಡೀತೈತಿ." ಅಟ್ಟದ ಡಬ್ಬಿಯಿಂದ ಸೈಂಧವ ಲವಣದ ತುಂಡು ತೆಗೆದು ಒಂದೇಟು ಹಾಕಿದರು. ಚೂರುಗಳ ಮೈ ಕನ್ನಡಿಯಂತೆ ಸಪಾಟು. ಸಿಂಧೂರ ಚಪ್ಪಾಳೆ ತಟ್ಟಿದಳು. ಆಫೀಸಿನ ಕ್ಯಾಮೆರಾ ತಂದು ಬೋರ್ಡಿನ ಫೋಟೊ ಹತ್ತಾರು ತೆಗೆದುಕೊಂಡಳು. ಟೀಚರ ಹಳೆಯ ಪಾಠದ ನೋಟುಬುಕ್ಕನ್ನೂ "ಒಂದಿನ ಇಟ್ಕೊಳ್ಲಾ ಆಂಟಿ?" ಎಂದು ಒಯ್ದು ಮರುದಿನ ತಂದುಕೊಟ್ಟಳು. ಆ ಬುಕ್ಕಿನಲ್ಲಿ ಬಂಧದ ಪುಟಗಳು ಪೂರ್ತಿ ಇದ್ದವು. ಉಪ್ಪು ನೀರಿನಲ್ಲಿ ಕರಗುವ ಭಾಗ ಮಾತ್ರ ಟೀಚರ ತಲೆಯಲ್ಲಿತ್ತು.

ಅದನ್ನು ಮೂರನೇ ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಬ್ಯಾಟರಿ, ಕೆಂಪು ಪುಟ್ಟ ದೀಪ, ಎರಡು ಪೆನ್ಸಿಲ್ ಕಡ್ಡಿ, ಎಲ್ಲ ತೆಗೆದಿಟ್ಟರು. ಅಂದು ಆಫೀಸಿನ ಕ್ಯಾಬು ಬಂದು ಸಿಂಧೂರಳನ್ನು ಕರೆದೊಯ್ದಿತು. ಅದರ ಮುಂದಿನ ವಾರ ಕೇಳಿದರೆ, "ಸಬ್‌ಮಿಟ್ ಮಾಡಿಬಿಟ್ಟೆ ಆಂಟಿ, ತುಂಬಾ ಚೆನ್ನಾಗಿದೆ ಅಂದ್ರು" ಎಂದು ಕೊರಳಿಗೆ ಜೋತುಬಿದ್ದಳು. ವಿಶಾಲಾಕ್ಷಿ ಅಂದು ಶಾವಿಗೆ ಪಾಯಸ ಮಾಡಿದರು.

ಮರುವರ್ಷ ಅವಳಿಗೆ ಬಡ್ತಿಯಾಯಿತು. ಸಾಲ್ಟ್ ಲೇಕ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಮನೆ ಮಾಡಿದಳು. ಹೋಗುವಾಗ ಇಬ್ಬರ ಕಾಲಿಗೂ ನಮಸ್ಕರಿಸಿದಳು. ಹಬ್ಬಕ್ಕೆ ಫೋನು ಬರುತ್ತಿತ್ತು.

೨೦೦೬ರ ಮಳೆಗಾಲ ಮುಗಿಯುತ್ತಿದ್ದಂತೆ ಶಾಲೆಗೆ ಕಂಪ್ಯೂಟರ್ ಕೋಣೆ ಬಂತು. ಆ ವರ್ಷವಷ್ಟೇ ಬೇರೆ ಶಾಲೆಯಿಂದ ಬಂದ ಮುಖ್ಯೋಪಾಧ್ಯಾಯಿನಿಯನ್ನು ಅಲ್ಲಿ ಎಲ್ಲರೂ ಬೊಡೊದಿ, ಅಂದರೆ ದೊಡ್ಡಕ್ಕ, ಎನ್ನುತ್ತಿದ್ದರು. ಬೊಡೊದಿಗೆ ಆ ಕೋಣೆಯೆಂದರೆ ಬಲು ಹೆಮ್ಮೆ. ಪರದೆ ಕಟ್ಟಿಸಿ, ಒಂಬತ್ತನೇ ತರಗತಿಯವರನ್ನು ಕೂರಿಸಿ, ಹೊಸ ಸಿ.ಡಿ. ಹಾಕಿಸಿದರು. ವಿಶಾಲಾಕ್ಷಿ ಹಿಂದಿನ ಬೆಂಚಿನಲ್ಲಿ ಕೂತರು.

ಪರದೆಯ ಮೇಲೆ ಕೇರಂ ಬೋರ್ಡು ಬಂತು.

ಬಿಳಿ, ಕರಿ, ಬಿಳಿ, ಕರಿ. ಆರಾರರ ಮೂರು ಸಾಲು. ಮೂರನೇ ಸಾಲಿನ ಕೊನೆಯಲ್ಲಿ ನಾಲ್ಕು ತೂತಿನ ಒಂದು ಕರಿ ಗುಂಡಿ. ಚಿತ್ರ ಬರೆದವನು ಯಾರೋ ಫೋಟೊ ನೋಡಿ ಇದ್ದದ್ದನ್ನು ಇದ್ದಂತೆ ಬರೆದಿದ್ದ. ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ, "ಈಗ ನಡುವಿನ ಸಾಲನ್ನು ಒಂದು ಮನೆ ಸರಿಸೋಣ" ಎಂದಿತು. ವಿಶಾಲಾಕ್ಷಿಗೆ ಮೊದಲು ಆದದ್ದು ಸಂತೋಷ. ನನ್ನ ಪಾಠ! ಕೊನೆಗೆ ಹೆಸರುಗಳು ಬರುವವರೆಗೆ ಆ ಸಂತೋಷ ಉಳಿದಿತ್ತು. ಪಾಠದ ಪರಿಕಲ್ಪನೆ, ರಚನೆ: ಸಿಂಧೂರ. ಇನ್ನೊಂದು ಹೆಸರು ಬರಬಹುದೆಂದು ಅವರು ಕಾದರು. ಪರದೆ ಖಾಲಿಯಾಯಿತು.

ಅದರ ನಡುವೆ ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. ಉಪ್ಪು ನೀರಿಗೆ ಬಿದ್ದ ಚಿತ್ರದಲ್ಲಿ ಸೋಡಿಯಂ ಕ್ಲೋರಿನ್‌ಗಳು ಕೈ ಕೈ ಹಿಡಿದು ಜೋಡಿಜೋಡಿಯಾಗಿ ಈಜುತ್ತಿದ್ದವು, ದೀಪ ಉರಿಯುತ್ತಿತ್ತು. ಅದು ತಪ್ಪು. ನೀರಿನಲ್ಲಿ ಅವು ಬಿಡಿಬಿಡಿಯಾಗುತ್ತವೆ. ನೀರಿನ ಅಣುಗಳು ಪ್ರತಿಯೊಂದನ್ನೂ ಸುತ್ತುವರಿದು ಬೇರೆ ಮಾಡುತ್ತವೆ. ಪ್ಲಸ್ಸು ಬ್ಯಾಟರಿಗೆ ಜೋಡಿಸಿದ ಒಂದು ಕಡ್ಡಿಯ ಕಡೆಗೆ, ಮೈನಸ್ಸು ಇನ್ನೊಂದರ ಕಡೆಗೆ ಹೊರಟಾಗಲೇ ವಿದ್ಯುತ್ತು ಹರಿಯುವುದು. ಕೈ ಹಿಡಿದೇ ಇದ್ದರೆ ಯಾವ ಕಡೆಗೂ ಹೋಗುವುದಿಲ್ಲ, ದೀಪವೂ ಹತ್ತುವುದಿಲ್ಲ. ಒಣ ಉಪ್ಪಿನಲ್ಲಿ ದೀಪ ಹತ್ತದಿರುವುದೂ ಅದಕ್ಕೇ. ಅಲ್ಲಿ ಅಯಾನುಗಳಿವೆ, ಆದರೆ ಜಾಗ ಬಿಟ್ಟು ಕದಲುವಂತಿಲ್ಲ. ಆ ಮೂರನೇ ಭಾನುವಾರದ ಪಾಠ ಇದೇ ಆಗಿತ್ತು.

ಮರುದಿನ ತರಗತಿಯಲ್ಲಿ ಎಂದಿನಂತೆ ಬೋರ್ಡು ಬಿಚ್ಚಿದರು. ಮುಂದಿನ ಬೆಂಚಿನಲ್ಲಿ ಪಿಸುಮಾತು. ಒಬ್ಬಳು ಮತ್ತೊಬ್ಬಳಿಗೆ ಹೇಳಿದ್ದು ಅವರ ಕಿವಿಗೆ ಸ್ಪಷ್ಟವಾಗಿ ಬಿತ್ತು: "ವಿಶಾಲಾದಿ ಸಿ.ಡಿ. ನೋಡಿ ಕಾಪಿ ಹೊಡೆದಿದ್ದಾರೆ. ಗುಂಡಿ ಕೂಡಾ ಹಾಗೇ ತಂದಿದ್ದಾರೆ ನೋಡು."

ಬೋರ್ಡು ಮುಚ್ಚಿದರು. ಆ ದಿನ ಪುಸ್ತಕ ಓದಿಸಿ ಗಂಟೆ ಕಳೆದರು.

ಶನಿವಾರ ಮಧ್ಯಾಹ್ನ ಡನ್‌ಲಪ್ ವೃತ್ತದಿಂದ ಬಸ್ಸು ಹಿಡಿದು ಸೆಕ್ಟರ್ ಫೈವ್‌ಗೆ ಹೋದರು. ಗಾಜಿನ ಕಟ್ಟಡದ ಬಾಗಿಲಲ್ಲಿ ಸೆಕ್ಯೂರಿಟಿಯವನು ಹೆಸರು ಬರೆಸಿಕೊಂಡು ಹೊರಗೇ ನಿಲ್ಲಿಸಿದ. ಇಪ್ಪತ್ತು ನಿಮಿಷದ ಮೇಲೆ ಸಿಂಧೂರ ಇಳಿದು ಬಂದಳು. ಕೊರಳಲ್ಲಿ ಗುರುತಿನ ಪಟ್ಟಿ. "ಅಯ್ಯೋ ಆಂಟಿ! ಫೋನ್ ಮಾಡೋದಲ್ವಾ?" ಎಂದು ಕೈ ಹಿಡಿದು ರಸ್ತೆಯಾಚೆಯ ಚಹಾದಂಗಡಿಗೆ ಕರೆದೊಯ್ದಳು. ಒಳಗೆ ಕರೆಯಲಿಲ್ಲ.

"ಪಾಠ ನೋಡಿದೆ" ಎಂದರು ವಿಶಾಲಾಕ್ಷಿ.

ಸಿಂಧೂರ ಮಣ್ಣಿನ ಲೋಟದ ಅಂಚನ್ನು ಉಗುರಿನಿಂದ ಕೆರೆದಳು. "ಚೆನ್ನಾಗಿ ಬಂದಿದೆ ಅಲ್ವಾ?"

"ನನ್ನ ಹೆಸರ ಇಲ್ಲಲ್ಲ."

"ಆಂಟಿ, ಹೊರಗಿನವರ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಮತ್ತೆ... ಬೇಜಾರು ಮಾಡ್ಕೋಬೇಡಿ, ಇದೆಲ್ಲಾ ಪುಸ್ತಕದಲ್ಲಿ ಇರೋದೇ ತಾನೆ? ಉಪ್ಪು ಹೇಗಾಗುತ್ತೆ ಅನ್ನೋದು ಯಾರ ಸ್ವಂತದ್ದೂ ಅಲ್ಲ."

ಮಾತು ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ಅದು ವಿಶಾಲಾಕ್ಷಿಗೆ ಹೆಚ್ಚು ನಾಟಿತು. ಉಪ್ಪು ಯಾರ ಸ್ವಂತದ್ದೂ ಅಲ್ಲ. ಆದರೆ ಆ ಗುಂಡಿ?

"ಹೆಸರು ಬಿಡವಾ, ಹೋಗ್ಲಿ. ನೀರಿನ ಪಾಠ ತಪ್ಪೈತಿ. ಜೋಡಿ ಈಜೂದಿಲ್ಲ. ಹುಡುಗ್ಯಾರು ಪರೀಕ್ಷಾದಾಗ ಹಂಗ ಬರೀತಾವ. ಅದನ್ನರ ತಿದ್ದಸು."

"ಅದು ಫೈನಲ್ ಆಗಿದೆ ಆಂಟಿ. ಎಷ್ಟೋ ಸ್ಕೂಲಿಗೆ ಹೋಗಿಬಿಟ್ಟಿದೆ. ಈಗ ತಪ್ಪು ಅಂದ್ರೆ ನನ್ನ ತಲೆಗೇ ಬರುತ್ತೆ." ಗಡಿಯಾರ ನೋಡಿಕೊಂಡಳು. "ಮೀಟಿಂಗಿದೆ. ಅಂಕಲ್‌ನ ಕೇಳಿದೆ ಅಂತ ಹೇಳಿ."

ಬಸ್ಸಿನಲ್ಲಿ ವಿಶಾಲಾಕ್ಷಿಗೆ ಕೂರಲು ಸೀಟು ಸಿಕ್ಕಿತ್ತು. ತಾವು ಕೂತಿದ್ದೇವೆ ಎಂಬುದೂ ಅವರಿಗೆ ಬಾರಾನಗರ ಬರುವವರೆಗೆ ಹೊಳೆಯಲಿಲ್ಲ.

ಮನೆಗೆ ಬಂದು ಕಂಪನಿಗೆ ಒಂದು ಪತ್ರ ಬರೆದರು. ಹಣದ ಮಾತಿಲ್ಲ, ಹೆಸರಿನ ಮಾತೂ ಇಲ್ಲ. ತಪ್ಪನ್ನು ಚಿತ್ರ ಬರೆದು ವಿವರಿಸಿ, ದಯವಿಟ್ಟು ತಿದ್ದಿ ಎಂದಿದ್ದರು. ಕೊನೆಯ ಸಾಲಿನಲ್ಲಿ ಮಾತ್ರ, ಈ ಪಾಠದ ಮೊದಲ ಭಾಗ ನಾನೇ ಸಿಂಧೂರಳಿಗೆ ಹೇಳಿಕೊಟ್ಟದ್ದು, ಉಳಿದದ್ದನ್ನೂ ಹೇಳಿಕೊಡಲು ಸಿದ್ಧಳಿದ್ದೇನೆ ಎಂದು ಬರೆದರು.

ಉತ್ತರ ಅವರಿಗೆ ಬರಲಿಲ್ಲ, ಬೊಡೊದಿಗೆ ಬಂತು. ಬೊಡೊದಿ ಕೋಣೆಗೆ ಕರೆದು, ಬಾಗಿಲು ಹಾಕಿ, ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು. ಕಂಪನಿ ಬರೆದಿತ್ತು: ತಮ್ಮ ಉದ್ಯೋಗಿಯು ಈ ಶಿಕ್ಷಕಿಯ ಮನೆಯಲ್ಲಿ ಬಾಡಿಗೆಗೆ ಇದ್ದಾಗ, ಆಕೆಯ ಲ್ಯಾಪ್‌ಟಾಪಿನಲ್ಲಿದ್ದ ಪಾಠವನ್ನು ಶಿಕ್ಷಕಿ ನೋಡಿರುವ ಸಾಧ್ಯತೆಯಿದೆ. ಪಾಠದ ವಿಷಯವಾಗಿ ಅವರೊಂದಿಗೆ ಎಂದೂ ಚರ್ಚಿಸಿಲ್ಲವೆಂದು ಉದ್ಯೋಗಿ ಲಿಖಿತ ಹೇಳಿಕೆ ಕೊಟ್ಟಿದ್ದಾರೆ. ಇಂಥ ಪತ್ರ ಮತ್ತೆ ಬಾರದಂತೆ ಶಾಲೆ ನೋಡಿಕೊಳ್ಳಬೇಕು. ಕೆಳಗೆ ಆ ಹೇಳಿಕೆಯ ಪ್ರತಿ. ಸಿಂಧೂರಳ ಸಹಿ. ಕಾಮಾಲೆಯಲ್ಲಿ ಆಸ್ಪತ್ರೆಯ ಕಾಗದಕ್ಕೆ ಅವಳು ನಡುಗುವ ಕೈಯಲ್ಲಿ ಹಾಕಿದ್ದನ್ನು ವಿಶಾಲಾಕ್ಷಿ ಪಕ್ಕದಲ್ಲಿ ನಿಂತು ನೋಡಿದ್ದರು. ಈ ಸಹಿ ನಡುಗಿರಲಿಲ್ಲ.

"ನಾನು ನಿಮ್ಮನ್ನು ಅನುಮಾನಿಸುತ್ತಿಲ್ಲ" ಎಂದರು ಬೊಡೊದಿ, ಕಣ್ಣು ಬೇರೆಡೆ ಇಟ್ಟು. "ಆದರೆ ಈ ವರ್ಷ ಒಂಬತ್ತನೆಯವರು ಕಂಪ್ಯೂಟರಿನಲ್ಲೇ ಕಲಿಯಲಿ."

ವಿಶಾಲಾಕ್ಷಿ ಮನೆಗೆ ಬಂದು ಬಾಯಿಬಿಟ್ಟು ಹೇಳಲಾರದೆ ಕಾಗದ ಗಂಡನ ಕೈಗಿಟ್ಟರು. ಶಂಕರಲಿಂಗರು ಎರಡು ಸಲ ಓದಿದರು.

"ಈ ಹುಡುಗಿಗೆ ನೀ ತಲಿ ಬಾಚಿದ್ದಿ" ಎಂದರು. ವಿಶಾಲಾಕ್ಷಿ ಅತ್ತದ್ದು ಆಗ.

ಮಾತು ಶಾಲೆಯ ಗೋಡೆಯೊಳಗೆ ನಿಲ್ಲಲಿಲ್ಲ. ಹತ್ತು ದಿನದ ಮೇಲೆ ಚಂಪಾ ಎಂಬ ಹೆಂಗಸು ಬೊಡೊದಿಯ ಕೋಣೆಗೆ ನೇರ ನುಗ್ಗಿದಳು. ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು ಈಗ ಒಂಬತ್ತನೇ ತರಗತಿ; ಅವಳೂ ಒಂದು ಕಾಲಕ್ಕೆ ಇದೇ ಶಾಲೆಯ ಹುಡುಗಿ. ದಕ್ಷಿಣೇಶ್ವರದ ತವರುಮನೆಯ ಟ್ರಂಕಿನಿಂದ ತೆಗೆದ ರಸಾಯನಶಾಸ್ತ್ರದ ನೋಟುಬುಕ್ಕು ಕೈಯಲ್ಲಿತ್ತು. ಅಂಚುಗಳನ್ನು ಹುಳ ತಿಂದಿತ್ತು. ತೆರೆದ ಪುಟದಲ್ಲಿ ಹದಿನೆಂಟು ವೃತ್ತ, ಆರಾರರ ಮೂರು ಸಾಲು. ಒಂದು ವೃತ್ತದೊಳಗೆ ನಾಲ್ಕು ಚುಕ್ಕೆ ಇಟ್ಟು ಪಕ್ಕದಲ್ಲಿ ಬಂಗಾಳಿಯಲ್ಲಿ 'ದಿದಿಯ ಗಂಡನ ಕೋಟಿನ ಗುಂಡಿ' ಎಂದು ಬರೆದಿದ್ದಳು. ಕೆಳಗೆ ಕೆಂಪು ಶಾಯಿಯಲ್ಲಿ ವಿಶಾಲಾಕ್ಷಿಯ ರುಜು, ೧೯೮೪ರ ತಾರೀಖು.

"ಆಗ ಯಾವ ಲ್ಯಾಪ್‌ಟಾಪಿತ್ತು, ಹೇಳಿ ಬೊಡೊದಿ?" ಎಂದಳು ಚಂಪಾ.

ಬೊಡೊದಿ ಬಹಳ ಹೊತ್ತು ಆ ಪುಟ ನೋಡಿದರು. ಅಂದೇ ಸಿಬ್ಬಂದಿಯ ಕೋಣೆಗೆ ತಾವೇ ಬಂದು, ಎಲ್ಲರೆದುರು ವಿಶಾಲಾಕ್ಷಿಯ ಕೈ ಹಿಡಿದು ತಪ್ಪಾಯಿತು ಎಂದರು. ಒಂಬತ್ತನೇ ತರಗತಿ ಅವರಿಗೆ ಮರಳಿತು. ನೋಟುಬುಕ್ಕಿನ ಪುಟದ ಪ್ರತಿ ಲಗತ್ತಿಸಿ ಬೊಡೊದಿ ಕಂಪನಿಗೆ ಮೂರು ಸಲ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಸಿ.ಡಿ. ಹಾಗೆಯೇ ಮಾರಾಟವಾಯಿತು. ಎಷ್ಟೋ ಶಾಲೆಗಳಲ್ಲಿ ಸೋಡಿಯಂ ಕ್ಲೋರಿನ್‌ಗಳು ಕೈ ಹಿಡಿದು ಈಜುತ್ತಲೇ ಇದ್ದವು.

ಯುಗಾದಿಗೆ ಫೋನು ಬಂತು. ಶಂಕರಲಿಂಗರು ಎತ್ತಿದರು, ದನಿ ಗುರುತಿಸಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಇಲ್ಲಂತ ಹೇಳ್ಲೇನು?" ಎಂದರು. ವಿಶಾಲಾಕ್ಷಿ ಕೈಚಾಚಿ ಇಸಿದುಕೊಂಡರು.

"ಹ್ಯಾಪಿ ಯುಗಾದಿ ಆಂಟಿ! ಹೋಳಿಗೆ ಆಯ್ತಾ?"

"ಆ ಕಾಗದಕ್ಕ ನೀನ ಸಹಿ ಮಾಡಿದೇನು?"

"ಆಫೀಸಿನೋರು ಟೈಪ್ ಮಾಡಿ ಕೊಟ್ರು ಆಂಟಿ. ನಾನು ಸರಿಯಾಗಿ ಓದ್ಲೇ ಇಲ್ಲ."

"ಓದಲಾರದ ಸಹಿ ಮಾಡಿದಿ?"

ಅವಳ ದನಿ ಸಣ್ಣದಾಯಿತು. "ಓದಿದ್ದೆ. ಕೆಲಸ ಹೋಗ್ತಿತ್ತು ಆಂಟಿ."

"ಇಷ್ಟರ ಖರೆ ಹೇಳಿದೆಲ್ಲ" ಎಂದು ವಿಶಾಲಾಕ್ಷಿ ಫೋನು ಇಟ್ಟರು. ಅವಳು ಮತ್ತೆ ಮಾಡಲಿಲ್ಲ. ಕೆಲವು ತಿಂಗಳ ಮೇಲೆ ಬೆಂಗಳೂರಿಗೆ ವರ್ಗವಾಗಿ ಹೋದಳೆಂದು ಯಾರಿಂದಲೋ ತಿಳಿಯಿತು.

ಹೊರಗಿನವರ ಕಣ್ಣಿಗೆ ಇಲ್ಲಿಗೆ ಎಲ್ಲ ಸರಿಹೋಗಿತ್ತು. ಹುಡುಗಿಯರು ಕಾಪಿಯ ಮಾತು ಮರೆತರು. ಆದರೆ ವಿಶಾಲಾಕ್ಷಿಯೊಳಗೆ ಏನೋ ಬದಲಾಗಿತ್ತು, ಅದು ಅವರಿಗೇ ತಿಳಿದದ್ದು ತಡವಾಗಿ. ಪಕ್ಕದ ಮನೆಯ ಸೊಸೆ, ಮಳೆಗಾಲದಲ್ಲಿ ಉಪ್ಪು ಯಾಕೆ ನೀರು ಬಿಡುತ್ತದೆ ಎಂದು ಕೇಳಿದರೆ, "ಏನೋ ತಾಯಿ" ಎಂದು ಒಳಗೆ ಹೋದರು. ಖಾಲಿ ಕೋಣೆಗೆ ಬಾಡಿಗೆ ಕೇಳಿ ಬಂದವರಿಗೆ ಇಲ್ಲವೆಂದರು. ಪಾಠದ ನೋಟುಬುಕ್ಕು ಕಪಾಟಿನೊಳಗೆ ಸೇರಿ, ಅದಕ್ಕೆ ಬೀಗ ಬಿತ್ತು.

೨೦೦೮ರಲ್ಲಿ ಶರ್ಬಾನಿ ಎಂಬ ಹೊಸ ಶಿಕ್ಷಕಿ ಬಂದಳು. ಮುರ್ಷಿದಾಬಾದಿನ ಕಡೆಯವಳು, ಮೊದಲ ಕೆಲಸ. ಎರಡು ವರ್ಷಕ್ಕೆ ವಿಶಾಲಾಕ್ಷಿ ನಿವೃತ್ತರಾದ ಮೇಲೆ ಅವರ ತರಗತಿಗಳೆಲ್ಲ ಇವಳಿಗೆ ಬರುವುದಿತ್ತು. ಸಿಬ್ಬಂದಿ ಕೋಣೆಯಲ್ಲಿ ಹತ್ತಿರ ಬಂದು ನಿಂತಳು.

"ವಿಶಾಲಾದಿ, ನಿಮ್ಮ ಉಪ್ಪಿನ ಪಾಠಕ್ಕೆ ನಾನೂ ಬಂದು ಕೂರಲೇ?"

"ಯಾಕೆ ಬೇಕು ನಿಮಗೆ?" ಎಂದುಬಿಟ್ಟರು ವಿಶಾಲಾಕ್ಷಿ.

ಹುಡುಗಿಯ ಮುಖ ಕೆಂಪಾಯಿತು. "ಕಲಿಯೋಣವೆಂದು" ಎಂದು ಹೊರಟುಹೋದಳು.

ಆ ಸಂಜೆ ವಿಶಾಲಾಕ್ಷಿ ಘಾಟಿನ ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತರು. ಎದುರು ದಡದ ಗಿರಣಿಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ಇವತ್ತ ಒಬ್ಬಾಕಿ ಕಲಸ್ರಿ ಅಂದ್ಲು. ಯಾಕ ಬೇಕು ಅಂದೆ ನೋಡ್ರಿ. ನಾನು! ಇಪ್ಪತ್ತೈದು ವರ್ಷದಾಗ ನನ್ನ ಬಾಯಾಗ ಆ ಮಾತು ಬಂದಿದ್ದಿಲ್ಲ."

"ಅಂದದ್ದು ಬ್ಯಾರೆ ಯಾರಿಗೋ" ಎಂದರು ಶಂಕರಲಿಂಗರು. "ಕೇಳಿದಾಕಿ ಈಕಿ."

ಮರುದಿನ ಶರ್ಬಾನಿಯನ್ನು ತಾವೇ ಹುಡುಕಿಕೊಂಡು ಹೋಗಿ, ಶುಕ್ರವಾರ ಮೂರನೇ ಪಿರಿಯಡ್ಡು ಎಂದರು. ಅವಳು ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಹೊಸದಾಗಿ ಕೊಂಡ ಫೋನನ್ನು ಮೇಜಿನ ಮೇಲಿಟ್ಟಳು. ಅದಕ್ಕೆ ಕ್ಯಾಮೆರಾ ಇತ್ತು. ವಿಶಾಲಾಕ್ಷಿಯ ಕಣ್ಣು ಅತ್ತ ಹೋಯಿತು. ಪಾಠ ಶುರುಮಾಡುವ ಮೊದಲು ಅವರು ಮೆಲ್ಲಗೆ, "ಅದನ್ನು ಚೀಲದಲ್ಲಿ ಇಡುತ್ತೀರಾ?" ಎಂದರು. ಕೇಳಿದ್ದಕ್ಕೆ ನಾಚಿಕೆಯಾಯಿತು, ಆದರೂ ಕೇಳಿದರು. ಶರ್ಬಾನಿ ಫೋನನ್ನು ಒಳಗಿಟ್ಟು ಪೆನ್ನು ತೆಗೆದಳು. ವಿಶಾಲಾಕ್ಷಿ ಬೀಕರಿಗೆ ನೀರು ಸುರಿದು ಒಂದು ಹಿಡಿ ಉಪ್ಪು ಹಾಕಿ, ಚಮಚ ತಿರುಗಿಸುತ್ತಾ, ಎಲ್ಲರನ್ನೂ ಹತ್ತಿರ ಕರೆದರು.